ದುಡ್ಡು ಕೊಟ್ಟಿದ್ದೆವು, ಆದರೂ ಲೈಸೆನ್ಸ್ ನಮ್ಮದಾಗಿರಲಿಲ್ಲ

ಸಣ್ಣ ಆಫೀಸಿನಲ್ಲಿ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರನ್ನೂ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಓದಿ.

ನಮ್ಮದು ಪೀಣ್ಯದಲ್ಲಿ 12 ಸಿಸ್ಟಮ್‌ಗಳ ಆಫೀಸು. ದುಡ್ಡು ಕೊಡದೆ ಕ್ರ್ಯಾಕ್ ಮಾಡಿ ಹಾಕಿದ ಸಾಫ್ಟ್‌ವೇರ್ ಒಂದೂ ಇರಲಿಲ್ಲ. ಎಲ್ಲಕ್ಕೂ ದುಡ್ಡು ಕೊಟ್ಟಿದ್ದೇವೆ ಅನ್ನೋ ಧೈರ್ಯದಲ್ಲಿದ್ದೆ. ಕಳೆದ ವರ್ಷ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಮೇಲ್ ಬಂತು. ಯಾವ ಸಿಸ್ಟಮ್‌ನಲ್ಲಿ ಏನೇನು ಹಾಕಿದ್ದೀರಿ, ಬಿಲ್ ಸಮೇತ ತೋರಿಸಿ ಅಂತ. ಬಿಲ್ ಫೈಲ್ ಬಿಚ್ಚಿದಾಗ ಕೈಕಾಲು ತಣ್ಣಗಾಯಿತು.

ನಾಲ್ಕು ಸಿಸ್ಟಮ್‌ಗಳಲ್ಲಿ ವರ್ಡ್, ಎಕ್ಸೆಲ್ ಇರುವ ಪ್ಯಾಕೇಜಿನ ‘ಹೋಮ್ ಆ್ಯಂಡ್ ಸ್ಟೂಡೆಂಟ್ 2019’ ಇತ್ತು. ಕಡಿಮೆ ಬೆಲೆ ಅಂತ ತಗೊಂಡಿದ್ದೆವು. ಅದನ್ನು ವ್ಯಾಪಾರದ ಕೆಲಸಕ್ಕೆ ಬಳಸುವಂತಿಲ್ಲ. ಮೂರು ಹೊಸ ಸಿಸ್ಟಮ್‌ಗಳಿಗೆ, ಗುಜರಿಗೆ ಹಾಕಿದ ಹಳೇ ಕ್ಯಾಬಿನೆಟ್ಟಿನ ಸ್ಟಿಕ್ಕರ್ ನೋಡಿ ವಿಂಡೋಸ್ ಕೀ ಹಾಕಿದ್ದೆವು. ಮಾಸಿದ ಅಕ್ಷರಕ್ಕೆ ಟಾರ್ಚ್ ಹಿಡಿದು ಓದಿದವನು ನಾನೇ. ಸಿಸ್ಟಮ್ ಜೊತೆ ಬರುವ ಓಇಎಂ ಲೈಸೆನ್ಸ್ ಆ ಸಿಸ್ಟಮ್ ಜೊತೆಗೇ ಮುಗಿಯುತ್ತದೆ. ದೂರದಿಂದಲೇ ಇನ್ನೊಂದು ಕಂಪ್ಯೂಟರ್ ನಡೆಸುವ ಟೀಮ್‌ವ್ಯೂವರ್ ಫ್ರೀ ಅಂತ ಬಳಸುತ್ತಿದ್ದೆವು. ಫ್ರೀ ಇರುವುದು ಸ್ವಂತ ಬಳಕೆಗೆ ಮಾತ್ರ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಡ್ರಾಯಿಂಗ್ ಸಾಫ್ಟ್‌ವೇರ್. ದುಡ್ಡು ಆಫೀಸಿನದು, ಆದರೆ ಅಕೌಂಟ್ ಕೆಲಸ ಬಿಟ್ಟು ಹೋದ ಹುಡುಗನ ಜಿಮೇಲ್‌ನಲ್ಲಿತ್ತು. ಒಟಿಪಿ ಹೋಗುತ್ತಿದ್ದದ್ದೂ ಅವನ ಫೋನಿಗೆ. ಪಾಪ, ಅವನು ಹೊಸ ಕೆಲಸದ ಮಧ್ಯೆ ಹತ್ತು ಸಲ ಫೋನ್ ಎತ್ತಿದ.

ಗೊತ್ತಿದ್ದೂ ನಕಲಿ ಸಾಫ್ಟ್‌ವೇರ್ ಬಳಸಿದರೆ 1957ರ ಕಾಪಿರೈಟ್ ಕಾಯ್ದೆಯ 63ಬಿ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಇದೆ. ನಮ್ಮದು ಅಲ್ಲಿಗೆ ಹೋಗಲಿಲ್ಲ. ಹೊಸದಾಗಿ ಕೊಂಡು ಬಿಲ್ ಕಳಿಸಿದೆವು. ದೀಪಾವಳಿ ಬೋನಸ್‌ಗೆ ಎತ್ತಿಟ್ಟ ದುಡ್ಡು ಅದಕ್ಕೇ ಹೋಯಿತು. ಅದು ಇವತ್ತಿಗೂ ನನಗೆ ನೋವು. ಬರೀ ಪತ್ರ ಟೈಪ್ ಮಾಡುವ ಎರಡು ಸಿಸ್ಟಮ್‌ಗೆ ಲಿಬ್ರೆಆಫೀಸ್ ಹಾಕಿದೆವು. ಅದು ಆಫೀಸಿನ ಕೆಲಸಕ್ಕೂ ಫ್ರೀ.

ನಿಮ್ಮ ಬಿಲ್‌ಗಳನ್ನು ಈಗಲೇ ತೆಗೆದು ನೋಡಿ. ಹೆಸರು ಸಂಸ್ಥೆಯದಾ, ಮಾಲೀಕರ ಸ್ವಂತದ್ದಾ? ಯಾವ ಎಡಿಷನ್, ಯಾವ ಸಿಸ್ಟಮ್‌ಗೆ, ಯಾವಾಗ ಮುಗಿಯುತ್ತದೆ, ಅಕೌಂಟ್ ಯಾರ ಮೇಲ್‌ನಲ್ಲಿದೆ ಅಂತ ಒಂದು ಶೀಟಿನಲ್ಲಿ ಬರೆದಿಡಿ. ಅಂಗಡಿಯವರ ‘ಏನೂ ಆಗಲ್ಲ ಸಾರ್’ ಮಾತು ನಂಬಬೇಡಿ. ಹೋದ ತಿಂಗಳು ನಮ್ಮಲ್ಲಿ ಇನ್ನೊಬ್ಬರು ಕೆಲಸ ಬಿಟ್ಟರು. ಐಡಿ ಕಾರ್ಡ್ ವಾಪಸ್ ತಗೊಳ್ಳುವ ಮುಂಚೆ ಪಕ್ಕದಲ್ಲಿ ಕೂರಿಸಿಕೊಂಡು ಲಾಗಿನ್‌ಗಳನ್ನೆಲ್ಲ ಆಫೀಸ್ ಮೇಲ್‌ಗೆ ಬದಲಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು.