ರೋಬೋಟಿಕ್ ಮಂಡಿ ಬದಲಿ: ಗರಗಸಕ್ಕೆ ಹೆಚ್ಚು ಅಂಕ, ಜಾಹೀರಾತಿಗೆ ಕಡಿಮೆ

ಬೆಂಗಳೂರಿನ ರಸ್ತೆ ಬದಿಯ ಹೋರ್ಡಿಂಗ್‌ಗಳಲ್ಲಿ ಈಗ ಸೈಟು, ಫ್ಲ್ಯಾಟುಗಳ ನಡುವೆ ಬಿಳಿ ತೋಳಿನ ಯಂತ್ರವೊಂದು ಕಾಣುತ್ತದೆ. ಪಕ್ಕದಲ್ಲಿ ಕೈಕಟ್ಟಿ ನಿಂತ ಡಾಕ್ಟರು, ಕೆಳಗೆ ‘ನೋವಿಲ್ಲ, ಹೊಲಿಗೆಯಿಲ್ಲ, ಅದೇ ದಿನ ನಡಿಗೆ’ ಎಂಬ ಸಾಲು. ಈ ಮೂರರಲ್ಲಿ ಒಂದೂ ಯಂತ್ರದಿಂದ ಬಂದದ್ದಲ್ಲ. ಹೊಲಿಗೆ ಕಾಣದಿರುವುದು ಚರ್ಮದೊಳಗೇ ಕರಗುವ ದಾರದಿಂದ ಮತ್ತು ಮೇಲೆ ಹಚ್ಚುವ ಅಂಟಿನಿಂದ. ಅದೇ ದಿನ ನಡೆಸುವುದು ತೊಡೆಯ ನರಕ್ಕೆ ಕೊಡುವ ಬ್ಲಾಕ್ ಎಂಬ ನೋವು ತಡೆಯುವ ಇಂಜೆಕ್ಷನ್, ಮಂಡಿಯ ಸುತ್ತ ಚುಚ್ಚುವ ಮರಗಟ್ಟಿಸುವ ಮದ್ದು, ರಕ್ತ ಕಡಿಮೆ ಸೋರಲೆಂದು ಕೊಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮತ್ತು ಬೆನ್ನುಹತ್ತುವ ಫಿಸಿಯೋಥೆರಪಿಸ್ಟ್ ಸೇರಿ. ಇವೆಲ್ಲ ರೋಬೋಟ್ ಇಲ್ಲದ ಆಸ್ಪತ್ರೆಯಲ್ಲೂ ಸಿಗುತ್ತವೆ.

ಹಾಗಾದರೆ ಯಂತ್ರ ಮಾಡುವುದೇನು? ಮೂಳೆಯನ್ನು ಎಲ್ಲಿ, ಎಷ್ಟು, ಯಾವ ಕೋನದಲ್ಲಿ ಕತ್ತರಿಸಬೇಕು ಎಂದು ಡಾಕ್ಟರು ಲೆಕ್ಕ ಹಾಕಿಕೊಂಡಿರುತ್ತಾರಲ್ಲ, ಆ ಲೆಕ್ಕದಂತೆ ಗರಗಸ ಹೋಗುವ ಹಾಗೆ ನೋಡಿಕೊಳ್ಳುತ್ತದೆ. ಅಷ್ಟೇ. ಆದರೆ ಆ ‘ಅಷ್ಟೇ’ಯನ್ನು ಅದು ಬಹಳ ಚೆನ್ನಾಗಿ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ನಮ್ಮಲ್ಲಿ ಇದನ್ನು ‘ಮಂಡಿಚಿಪ್ಪು ಬದಲಾಯಿಸುವುದು’ ಎನ್ನುತ್ತಾರೆ. ಚಿಪ್ಪನ್ನು ಎಷ್ಟೋ ಸಲ ಮುಟ್ಟುವುದೇ ಇಲ್ಲ. ಮುಟ್ಟಿದರೂ ಹಿಂಬದಿಗೆ ಒಂದು ಪ್ಲಾಸ್ಟಿಕ್ ಗುಂಡಿ ಕೂರಿಸುತ್ತಾರೆ. ನಿಜವಾಗಿ ಕತ್ತರಿಸುವುದು ತೊಡೆಮೂಳೆಯ ಕೆಳತುದಿಯನ್ನು ಮತ್ತು ಟಿಬಿಯಾದ, ಅಂದರೆ ಮಂಡಿಯ ಕೆಳಗಿನ ದಪ್ಪ ಮೂಳೆಯ, ಮೇಲ್ತುದಿಯನ್ನು, ತಲಾ ಸುಮಾರು 9 ಮಿಲಿಮೀಟರ್ ದಪ್ಪದಷ್ಟು. ಅದರ ಮೇಲೆ ಲೋಹದ ಟೋಪಿ, ಲೋಹದ ತಟ್ಟೆ, ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್.

ಕೈಯಲ್ಲಿ ಮಾಡುವಾಗ ತೊಡೆಮೂಳೆಯ ಮಜ್ಜೆಯ ನಾಳಕ್ಕೆ ಉದ್ದನೆಯ ರಾಡು ತೂರಿಸಿ, ಅದಕ್ಕೆ 5ರಿಂದ 7 ಡಿಗ್ರಿ ಓರೆಯ ಅಚ್ಚು ಸಿಕ್ಕಿಸಿ, ಆ ಅಚ್ಚಿನ ಸೀಳಿನಲ್ಲಿ ಗರಗಸ ಆಡಿಸುತ್ತಾರೆ. ಸೊಂಟದಿಂದ ಕಣಕಾಲಿನವರೆಗಿನ ನೇರ ರೇಖೆಗಿಂತ 3 ಡಿಗ್ರಿಗೂ ಹೆಚ್ಚು ಆಚೀಚೆ ಆದರೆ ಅದನ್ನು ತಪ್ಪಿದ ಕೊಯ್ತ ಎಂದು ಎಣಿಸುವ ರೂಢಿ. ತೊಡೆಮೂಳೆ ಬಿಲ್ಲಿನಂತೆ ಬಾಗಿದ್ದರೆ, ನಾಳ ಅಗಲವಾಗಿದ್ದರೆ ರಾಡು ಒಳಗೆ ಓಲಾಡುತ್ತದೆ, ಅಚ್ಚು ಸುಳ್ಳು ಹೇಳುತ್ತದೆ. ಯಂತ್ರ ಗೆಲ್ಲುವುದು ಇಲ್ಲಿಯೇ.

ಮಾರುಕಟ್ಟೆಯಲ್ಲಿರುವ ಯಂತ್ರಗಳೆಲ್ಲ ಒಂದೇ ಅಲ್ಲ, ಮಾರಾಟದವರು ಹೇಳುವಾಗ ಮಾತ್ರ ಒಂದೇ ಆಗಿಬಿಡುತ್ತವೆ. ಸ್ಟ್ರೈಕರ್ ಕಂಪನಿಯ ಮ್ಯಾಕೋಗೆ ಮೊದಲೇ ಸೊಂಟ, ಮಂಡಿ, ಕಣಕಾಲುಗಳ ಸಿಟಿ ಸ್ಕ್ಯಾನ್ ಬೇಕು. ಗರಗಸ ಯಂತ್ರದ ತೋಳಿಗೇ ಜೋಡಿಸಿರುತ್ತದೆ, ಡಾಕ್ಟರು ಅದನ್ನು ಹಿಡಿದು ನಡೆಸುತ್ತಾರೆ. ಗೆರೆ ದಾಟಿದರೆ ತೋಳು ಗಟ್ಟಿಯಾಗಿ ತಡೆಯುತ್ತದೆ. ಝಿಮ್ಮರ್ ಬಯೋಮೆಟ್‌ನ ರೋಸಾ ಅಚ್ಚನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲುತ್ತದೆ, ಗರಗಸ ಡಾಕ್ಟರ ಕೈಯಲ್ಲೇ. ಜಾನ್ಸನ್ ಆ್ಯಂಡ್ ಜಾನ್ಸನ್‌ನ ವೆಲಿಸ್‌ಗೆ ಸ್ಕ್ಯಾನ್ ಬೇಡ. ಸ್ಮಿತ್ ಆ್ಯಂಡ್ ನೆಫ್ಯೂನ ಕೋರಿ ಕೈಯಲ್ಲೇ ಹಿಡಿಯುವ ಉಪಕರಣ, ಮೂಳೆಯನ್ನು ಬರ್ ಎಂಬ ಗಿರಗಿರ ತಿರುಗುವ ತುದಿಯಿಂದ ಕೆರೆಯುತ್ತದೆ, ಅದಕ್ಕೂ ಸ್ಕ್ಯಾನ್ ಬೇಡ. ದಕ್ಷಿಣ ಕೊರಿಯಾದ ಕ್ಯೂವಿಸ್ ಮಾತ್ರ ಯೋಜನೆ ಒಪ್ಪಿಸಿದ ಮೇಲೆ ತಾನಾಗಿಯೇ ಮೂಳೆ ಕೆರೆಯುತ್ತದೆ; ಡಾಕ್ಟರ ಕೆಲಸ ಕಾಯುವುದು, ಬೇಕಾದರೆ ನಿಲ್ಲಿಸುವುದು.

ಗಮನಿಸಬೇಕಾದ್ದು: ಮ್ಯಾಕೋ, ರೋಸಾ, ವೆಲಿಸ್, ಕೋರಿಗಳಿಗೆ ಆಯಾ ಕಂಪನಿಯ ಇಂಪ್ಲಾಂಟೇ ಗತಿ. ಯಂತ್ರ ಆರಿಸಿದಿರೋ, ಮಂಡಿಯೊಳಗೆ ಕೂರುವ ಲೋಹವೂ ಆಯ್ಕೆಯಾಗಿಹೋಯಿತು. ಪ್ರಿಂಟರ್ ಕೊಂಡವನಿಗೆ ಅದೇ ಕಂಪನಿಯ ಇಂಕ್ ಎಂಬಂತೆ.

ಈಗ ಯಂತ್ರ ಕೆಲಸ ಮಾಡುವ ಬಗೆ. ತಪ್ಪಾಗುವುದೂ ಇದೇ ಹಂತಗಳಲ್ಲಿ, ಹಾಗಾಗಿ ಸ್ವಲ್ಪ ವಿವರ ಬೇಕು. ತೊಡೆಮೂಳೆಗೆ ಎರಡು, ಟಿಬಿಯಾಕ್ಕೆ ಎರಡು ಪಿನ್ನು ಕೊರೆದು, ಅವುಗಳ ಮೇಲೆ ಬೆಳಕು ಪ್ರತಿಫಲಿಸುವ ಚೆಂಡುಗಳ ಚೌಕಟ್ಟು ಕೂರಿಸುತ್ತಾರೆ. ದೂರದಲ್ಲಿರುವ ಕ್ಯಾಮೆರಾ ಈ ಚೆಂಡುಗಳನ್ನು ನೋಡಿ ಮೂಳೆ ಎಲ್ಲಿದೆ ಎಂದು ತಿಳಿಯುತ್ತದೆ. ಆಮೇಲೆ ಕಾಲನ್ನು ಸೊಂಟದಿಂದ ಸುತ್ತಿಸಿ ಸೊಂಟದ ಕೀಲಿನ ಕೇಂದ್ರ ಹುಡುಕುವುದು, ಕಣಕಾಲಿನ ಎರಡು ಗಂಟುಗಳನ್ನು ಮುಟ್ಟಿ ತೋರಿಸುವುದು, ಕೊನೆಗೆ ಚೂಪು ಕಡ್ಡಿಯಿಂದ ಮೂಳೆಯ ಮೇಲೆ ಚುಕ್ಕಿ ಇಡುವುದು. ಮ್ಯಾಕೋದಲ್ಲಿ ಒಂದೊಂದು ಮೂಳೆಗೆ 40 ಚುಕ್ಕಿ. ಕಡ್ಡಿ ಮೃದ್ವಸ್ಥಿಯನ್ನು (ಮೂಳೆತುದಿಯ ನುಣುಪು ಹೊದಿಕೆಯನ್ನು) ಚುಚ್ಚಿ ಮೂಳೆಗೇ ತಾಗಬೇಕು, ಏಕೆಂದರೆ ಸಿಟಿ ಕಂಡಿದ್ದು ಮೂಳೆಯನ್ನು, ಮೃದ್ವಸ್ಥಿಯನ್ನಲ್ಲ. ಅವಸರದಲ್ಲಿ ಮೇಲೆಮೇಲೆ ಮುಟ್ಟಿದರೆ ಇಡೀ ಲೆಕ್ಕ ಒಂದೆರಡು ಮಿಲಿಮೀಟರ್ ಮೇಲಕ್ಕೆ ಹೋಗುತ್ತದೆ. ಸ್ಕ್ಯಾನ್ ಬೇಡದ ಯಂತ್ರಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು: ಹೋಲಿಸಿ ನೋಡಲು ಸಿಟಿ ಚಿತ್ರವೇ ಇಲ್ಲ, ಕಡ್ಡಿ ಮುಟ್ಟಿದ್ದೇ ನಕ್ಷೆ.

ಪಿನ್ನಿನ ಚೌಕಟ್ಟು ಅಲುಗಬಾರದು. ಮೂಳೆ ಟೊಳ್ಳಾದ ವಯಸ್ಸಾದ ಹೆಂಗಸರಲ್ಲಿ ಪಿನ್ನು ಸಡಿಲವಾಗುವುದುಂಟು. ಸಹಾಯಕರ ಮೊಣಕೈ ತಾಗಿದರೂ ಸಾಕು. ಕ್ಯಾಮೆರಾಕ್ಕೆ ಇದು ಗೊತ್ತಾಗುವುದಿಲ್ಲ. ಚೆಂಡು ಸರಿದರೆ ಮೂಳೆಯೇ ಸರಿಯಿತು ಎಂದುಕೊಂಡು ತಪ್ಪು ಜಾಗದಲ್ಲಿ ಅತ್ಯಂತ ನಿಖರವಾಗಿ ಕತ್ತರಿಸುತ್ತದೆ. ಅದಕ್ಕೇ ಎರಡೂ ಮೂಳೆಗೆ ಒಂದೊಂದು ಪುಟ್ಟ ಗುರುತಿನ ಸ್ಕ್ರೂ ಹಾಕಿ, ಪ್ರತಿ ಕೊಯ್ತಕ್ಕೂ ಮುನ್ನ ಅದನ್ನು ಮುಟ್ಟಿ ಪರೀಕ್ಷಿಸುವ ಕ್ರಮ ಇಟ್ಟಿದ್ದಾರೆ. ಈ ಪರೀಕ್ಷೆ ಬಿಟ್ಟು ಮುಂದೆ ಹೋಗುವ ತಂಡಕ್ಕಿಂತ ಯಂತ್ರವಿಲ್ಲದ ತಂಡವೇ ಮೇಲು. ಮುಗಿದ ಮೇಲೆ ಆ ಸ್ಕ್ರೂ ತೆಗೆಯುವುದನ್ನೂ ಮರೆಯಬಾರದು; ಎಣಿಕೆಯ ಪಟ್ಟಿಯಲ್ಲಿ ಅದೂ ಇರಬೇಕು.

ಯಂತ್ರದ ನಿಜವಾದ ಸೊಗಸು ಇದರ ನಂತರದ ಹಂತದಲ್ಲಿದೆ, ಜಾಹೀರಾತಿನಲ್ಲಿ ಅದರ ಸುದ್ದಿಯೇ ಇಲ್ಲ. ಕತ್ತರಿಸುವ ಮೊದಲೇ ಕಾಲನ್ನು ನೀಡಿ, 90 ಡಿಗ್ರಿ ಮಡಚಿ, ಒಳ-ಹೊರ ಬದಿಗೆ ಒತ್ತಿ ಲಿಗಮೆಂಟುಗಳು, ಅಂದರೆ ಮೂಳೆಗಳನ್ನು ಕಟ್ಟಿ ಹಿಡಿದ ಪಟ್ಟಿಗಳು, ಎಷ್ಟು ಬಿಗಿ, ಎಷ್ಟು ಸಡಿಲ ಎಂದು ಮಿಲಿಮೀಟರ್ ಲೆಕ್ಕದಲ್ಲಿ ತೆರೆಯ ಮೇಲೆ ನೋಡಬಹುದು. ಒಳಬದಿ 2 ಮಿಲಿಮೀಟರ್ ಬಿಗಿ ಎಂದು ಕಂಡರೆ ಲಿಗಮೆಂಟನ್ನು ಹೆರೆಯುವ ಬದಲು ಕೊಯ್ತದ ಕೋನವನ್ನೇ ಒಂದೆರಡು ಡಿಗ್ರಿ ಬದಲಿಸಿ ಸರಿದೂಗಿಸಬಹುದು. ಕೈಯ ಅಚ್ಚಿನಲ್ಲಿ ಇಷ್ಟು ಸಣ್ಣ ತಿದ್ದುಪಡಿ ಕಷ್ಟ. ಈ ಭಾಗಕ್ಕೆ ಐದರಲ್ಲಿ ನಾಲ್ಕೂವರೆ ಕೊಡಬಹುದು. ಉಳಿದ ಅರ್ಧ ಏಕಿಲ್ಲ ಎಂದರೆ, ಅಂಚಿನಲ್ಲಿ ಬೆಳೆದ ಮೂಳೆಮುಳ್ಳುಗಳನ್ನು ತೆಗೆಯದೆ ಅಳೆದರೆ ಅಳತೆ ಸುಳ್ಳು: ಮುಳ್ಳು ಲಿಗಮೆಂಟನ್ನು ಡೇರೆಯ ಕಂಬದಂತೆ ಎತ್ತಿ ಹಿಡಿದಿರುತ್ತದೆ. ಮುಂಬದಿಯ ಮುಳ್ಳು ಮೊದಲೇ ತೆಗೆಯಬಹುದು, ಹಿಂಬದಿಯದು ಕತ್ತರಿಸಿದ ಮೇಲಷ್ಟೇ ಕೈಗೆ ಸಿಗುತ್ತದೆ. ಆಗ ಅಂತರ ಮತ್ತೆ ಬದಲಾಗುತ್ತದೆ. ತೆರೆ ತೋರಿಸಿದ ಅಂಕಿಯನ್ನೇ ನಂಬಿ ಮುಂದುವರಿದರೆ ಕಾಲು ಪೂರ್ತಿ ನೀಡಿದಾಗ ಸಡಿಲ ಉಳಿಯುತ್ತದೆ.

ನಮ್ಮ ಕಡೆಯ ರೋಗಿಗಳು ಬರುವುದೇ ತಡವಾಗಿ, ಕಾಲು ಹೊರಕ್ಕೆ ಬಿಲ್ಲಾದ ಮೇಲೆ. ಅಂಥವರಲ್ಲಿ ಟಿಬಿಯಾದ ಒಳಬದಿ ಉಜ್ಜಿ ಉಜ್ಜಿ ಕಲ್ಲಿನಂತಾಗಿರುತ್ತದೆ. ಗರಗಸದ ತೆಳು ಅಲಗು ಆ ಗಟ್ಟಿ ಭಾಗಕ್ಕೆ ತಾಗಿದಾಗ ಬಾಗಿ ಮೇಲಕ್ಕೆ ಜಾರುತ್ತದೆ. ತೋಳು ಗೆರೆಯ ಮೇಲೇ ಇದೆ ಎಂದು ಯಂತ್ರ ಹಸಿರು ತೋರಿಸುತ್ತಿರುತ್ತದೆ, ಅಲಗಿನ ತುದಿ ಬೇರೆಲ್ಲೋ. ಕೊಯ್ದ ಮೇಲೆ ಚಪ್ಪಟೆ ಉಪಕರಣ ಇಟ್ಟು ಕೋನ ಮತ್ತೆ ಅಳೆಯುವುದೇ ಇದಕ್ಕೆ ಮದ್ದು.

ಲೋಹವನ್ನು ಮೂಳೆಗೆ ಅಂಟಿಸುವ ಸಿಮೆಂಟ್ ಹಚ್ಚುವುದು ಪೂರ್ತಿ ಕೈಕೆಲಸ. ಮೂಳೆಯನ್ನು ನೀರಿನ ಜೆಟ್‌ನಿಂದ ತೊಳೆದು, ಒರೆಸಿ, ಕೊಬ್ಬು-ರಕ್ತ ಇಲ್ಲದಂತೆ ಮಾಡಿ, ಸಿಮೆಂಟು ಅಂಟಂಟಾಗಿರುವಾಗಲೇ ಒತ್ತಿ ಕೂರಿಸದಿದ್ದರೆ ಅರ್ಧ ಡಿಗ್ರಿಯೂ ತಪ್ಪದ ಕೊಯ್ತವೂ ತಟ್ಟೆಯನ್ನು ಉಳಿಸದು. ಸೋಂಕಿನ ವಿಷಯವೂ ಹೀಗೆಯೇ. ಸಕ್ಕರೆ ಕಾಯಿಲೆಯವರ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) 8ರ ಮೇಲಿದ್ದರೆ ಮೊದಲು ಅದನ್ನು ಇಳಿಸುವುದು ಯಾವ ರೋಬೋಟಿಗಿಂತಲೂ ದೊಡ್ಡ ರಕ್ಷಣೆ.

ಫಲಿತಾಂಶದ ಮಾತಿಗೆ ಬಂದರೆ ಉತ್ಸಾಹ ಸ್ವಲ್ಪ ತಗ್ಗುತ್ತದೆ. ಎಕ್ಸ್‌ರೇಯಲ್ಲಿ ಕಾಲು ಹೆಚ್ಚು ನೇರ ಕಾಣುತ್ತದೆ, ಇದು ಸಾಬೀತಾದ ಸಂಗತಿ. ಆದರೆ ಕೊರಿಯಾದಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋವು, ನಡಿಗೆ, ಇಂಪ್ಲಾಂಟಿನ ಬಾಳಿಕೆ ಮೂರರಲ್ಲೂ ರೋಬೋಟಿಗೂ ಕೈಗೂ ವ್ಯತ್ಯಾಸ ಕಾಣಲಿಲ್ಲ. ಅದು ಹಳೆಯ ತಲೆಮಾರಿನ ಯಂತ್ರ ಎಂಬ ತಕರಾರು ನ್ಯಾಯವೇ. ಆದರೆ ಹೊಸದಕ್ಕೆ ಅಷ್ಟು ಉದ್ದದ ಲೆಕ್ಕ ಇನ್ನೂ ಇಲ್ಲ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ 2019ರ ಲೇಖನದ ಪ್ರಕಾರ ಪೂರ್ಣ ಮಂಡಿ ಬದಲಿಯಲ್ಲಿ ಶೇ. 82ರಷ್ಟು 25 ವರ್ಷ ಬಾಳುತ್ತವೆ. 25 ವರ್ಷದ ಹಿಂದೆ ಅವನ್ನು ಕೂರಿಸಿದ್ದು ಹಳೆಯ ಅಚ್ಚು, ಸುತ್ತಿಗೆಗಳೇ.

ಹಾಗೆಂದು ಎಲ್ಲರಿಗೂ ವ್ಯರ್ಥ ಎನ್ನಲಾಗದು. ಹಿಂದೆ ಅಪಘಾತದಲ್ಲಿ ತೊಡೆ ಮುರಿದು ರಾಡು ಹಾಕಿಸಿಕೊಂಡವರಿಗೆ, ಅಥವಾ ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡವರಿಗೆ, ಮಜ್ಜೆಯ ನಾಳಕ್ಕೆ ಅಚ್ಚಿನ ರಾಡು ತೂರಿಸುವುದೇ ಆಗದು. ಅಲ್ಲಿ ಯಂತ್ರ ಇದ್ದರೆ ಹಳೆಯ ರಾಡು ತೆಗೆಯುವ ಇನ್ನೊಂದು ಆಪರೇಷನ್ನೇ ತಪ್ಪಬಹುದು. ಮಂಡಿಯ ಒಳಬದಿ ಮಾತ್ರ ಸವೆದವರಿಗೆ ಮಾಡುವ ಅರ್ಧ ಮಂಡಿ ಬದಲಿಯಲ್ಲೂ ಯಂತ್ರದ ಕೈ ಮೇಲು. ಜಾಗ ಇಕ್ಕಟ್ಟು, ತಪ್ಪಿಗೆ ಅವಕಾಶ ಕಡಿಮೆ, ಗ್ಲಾಸ್ಗೋದ ಅಧ್ಯಯನವೂ ಇಂಪ್ಲಾಂಟ್ ಹೆಚ್ಚು ನಿಖರವಾಗಿ ಕೂರುವುದನ್ನು ತೋರಿಸಿದೆ. ಸಾಮಾನ್ಯವಾಗಿ ಸವೆದ ಮಂಡಿಗೆ, ವರ್ಷಕ್ಕೆ ನೂರಾರು ಮಾಡುವ ಡಾಕ್ಟರು ಸಿಕ್ಕರೆ, ಯಂತ್ರಕ್ಕಾಗಿ ಸಾಲ ಮಾಡಬೇಕಿಲ್ಲ. ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ಮೂಳೆಗಳ ನಡುವೆ ಇನ್ನೂ ಜಾಗವಿದ್ದರೆ ಆಪರೇಷನ್ನೇ ಬೇಕೋ ಎಂದು ಇನ್ನೊಬ್ಬರನ್ನು ಕೇಳಿ. ಮಲಗಿಸಿ ತೆಗೆದ ಎಕ್ಸ್‌ರೇ ನೋಡಿ ತೀರ್ಮಾನ ಕೊಟ್ಟರೆ ಎದ್ದು ಬನ್ನಿ.

ಬಿಲ್ಲಿನ ಬಗ್ಗೆ. ಔಷಧಗಳ ಬೆಲೆ ನಿಗದಿ ಮಾಡುವ ಕೇಂದ್ರದ ಎನ್‌ಪಿಪಿಎ 2017ರ ಆಗಸ್ಟ್‌ನಲ್ಲಿ ಮಂಡಿ ಇಂಪ್ಲಾಂಟಿಗೆ ಮಿತಿ ಹಾಕಿದಾಗ ಕೋಬಾಲ್ಟ್-ಕ್ರೋಮಿಯಂ ಸೆಟ್ಟಿಗೆ 54,720 ರೂಪಾಯಿ, ಟೈಟಾನಿಯಂ ಅಥವಾ ಆಕ್ಸಿಡೈಸ್ಡ್ ಜಿರ್ಕೋನಿಯಂಗೆ 76,600 ರೂಪಾಯಿ ಎಂದಿತು, ಜಿಎಸ್‌ಟಿ ಬೇರೆ. ಆ ಮಿತಿ ಇಂಪ್ಲಾಂಟಿಗೆ ಮಾತ್ರ. ಪಿನ್ನು, ಅಲಗು, ಯಂತ್ರದ ತೋಳಿಗೆ ತೊಡಿಸುವ ಚೀಲ, ಪ್ರತಿಫಲನದ ಚೆಂಡುಗಳು, ಸಿಟಿ, ‘ರೋಬೋಟ್ ಬಳಕೆ’ ಎಲ್ಲ ಬೇರೆ ಬೇರೆ ಸಾಲು. ಪ್ಯಾಕೇಜ್ ಎಂದರೆ ಒಪ್ಪದೆ ಸಾಲುಸಾಲಾಗಿ ಬರೆಸಿಕೊಳ್ಳಿ. ವಿಮೆ ಇದ್ದರೆ ಪಾಲಿಸಿಯಲ್ಲಿ ರೋಬೋಟಿಕ್ ಸರ್ಜರಿಗೆ ಉಪಮಿತಿ ಇದೆಯೇ ನೋಡಿ: ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಅದನ್ನು ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿತು, ಆದರೆ ಕಂಪನಿಗಳು ಮಿತಿ ಹೇರಬಹುದು. ಇಂಪ್ಲಾಂಟಿನ ಡಬ್ಬಿಯ ಸ್ಟಿಕ್ಕರು ಡಿಸ್ಚಾರ್ಜ್ ಹಾಳೆಯಲ್ಲಿ ಅಂಟಿಸಿರಲಿ, ಮುಂದೆ ಯಾರಾದರೂ ತೆರೆಯಬೇಕಾದರೆ ಲಾಟ್ ನಂಬರು, ಅಳತೆ ಬೇಕೇಬೇಕು.

ತರಬೇತಿಗೆ ಎರಡು ಅಂಕವೂ ಹೆಚ್ಚೇ. ಕಂಪನಿ ನಡೆಸುವ ಕೋರ್ಸು ಚಿಕ್ಕದು: ಪ್ಲಾಸ್ಟಿಕ್ ಮೂಳೆ, ಸಾಧ್ಯವಾದರೆ ಶವ, ಒಂದು ಪ್ರಮಾಣಪತ್ರ. ಮೊದಲ ಹತ್ತಿಪ್ಪತ್ತು ಕೇಸುಗಳಲ್ಲಿ ಸಮಯ ಹೆಚ್ಚು ಹಿಡಿಯುವುದು ಸಹಜ. ತೊಂದರೆ ಅದಲ್ಲ. ಆಪರೇಷನ್ ಥಿಯೇಟರಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವವರು ಬಹುಪಾಲು ಕಂಪನಿಯ ತಂತ್ರಜ್ಞರು. ಮೊದಲ ಯೋಜನೆಯನ್ನೂ ಅವರೇ ಸಿದ್ಧಪಡಿಸಿರುತ್ತಾರೆ. ಡಾಕ್ಟರು ಅದನ್ನು ತಿದ್ದಿದರೋ, ಸಹಿ ಹಾಕಿದರೋ, ಅದೇ ಪ್ರಶ್ನೆ. ಎಂ.ಎಸ್. ಓದುತ್ತಿರುವ ವಿದ್ಯಾರ್ಥಿ ಹಸಿರು ಗೆರೆಯನ್ನೇ ನೋಡಿ ಬೆಳೆದರೆ, ತೊಡೆಮೂಳೆಯ ತಿರುವನ್ನು ಎರಡು ಬದಿಯ ಗಂಟುಗಳಿಂದ ಕಣ್ಣಳತೆಯಲ್ಲಿ ಹಿಡಿಯುವುದನ್ನು ಕಲಿಯುವುದು ಯಾವಾಗ? ಚೆಂಡಿಗೆ ರಕ್ತ ಸಿಡಿದು ಕ್ಯಾಮೆರಾ ಕುರುಡಾದರೆ ಒರೆಸಿದರಾಯಿತು. ಪಿನ್ನೇ ಕಿತ್ತುಬಂದರೆ ಕೈಯ ಅಚ್ಚಿಗೆ ಮರಳಬೇಕು. ಕೈ ಉಪಕರಣಗಳ ಟ್ರೇ ಸ್ಟೆರಿಲೈಸ್ ಆಗಿ ಪಕ್ಕದಲ್ಲೇ ಇದೆಯೇ ಎಂದು ರೋಗಿಯ ಮನೆಯವರೂ ಕೇಳಬಹುದು. ಕೇಳಿದರೆ ಕೋಪ ಮಾಡಿಕೊಳ್ಳದ ಡಾಕ್ಟರು ಒಳ್ಳೆಯವರು.

ಮನೆಗೆ ಬಂದ ಮೇಲೆ ಮಂಡಿಯ ದೊಡ್ಡ ಗಾಯದ ಜತೆ ಪಿನ್ನು ಹಾಕಿದ ಸಣ್ಣ ಗಾಯಗಳನ್ನೂ ನೋಡಿಕೊಳ್ಳಬೇಕು, ಒದ್ದೆಯಾಗಿ ಕೀವಾಡುವುದು ಅಲ್ಲಿಯೂ ಉಂಟು. ಮೂಳೆಯಲ್ಲಿ ಉಳಿದ ಆ ತೂತು ತುಂಬಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಮೂಳೆ ಆ ಜಾಗದಲ್ಲಿ ಬಿರುಕು ಬಿಡಬಹುದು. ಚೆನ್ನಾಗಿ ನಡೆಯುತ್ತಿದ್ದವರಿಗೆ ಆರೆಂಟು ವಾರದ ಹೊತ್ತಿಗೆ ತೊಡೆಯ ನಡುವೆಯೋ ಮೊಳಕಾಲ ಕೆಳಗೋ, ಕಾಲೂರಿದಾಗ ಮಾತ್ರ ಚುಚ್ಚುವ ಹೊಸ ನೋವು ಶುರುವಾದರೆ ಅದನ್ನು ವ್ಯಾಯಾಮದ ನೋವೆಂದು ಎಣ್ಣೆ ತಿಕ್ಕಿಸುತ್ತ ಕೂರಬೇಡಿ. ಊರುಗೋಲು ಹಿಡಿದು, ಕಾಲ ಮೇಲೆ ಭಾರ ಬಿಡದೆ, ಅದೇ ದಿನ ಮಂಡಿಯದಷ್ಟೇ ಅಲ್ಲ, ಪಿನ್ನು ಹಾಕಿದ ಜಾಗವೂ ಸೇರುವಂತೆ ಇಡೀ ಮೂಳೆಯ ಎಕ್ಸ್‌ರೇ ತೆಗೆಸಿ.