ಕೆರೆಯ ಕಳೆಗೆ ಯಾವುದು ಮೇಲು: ಕೈಯೋ, ಯಂತ್ರವೋ, ಹುಳುವೋ, ಔಷಧಿಯೋ?

ಕೆರೆಯ ಕಳೆ ತೆಗೆಯಲು ಯಾವ ದಾರಿ ಒಳ್ಳೆಯದು ಅಂತ ಯಾರಾದರೂ ಕೇಳಿದರೆ, ಯಾವ ಕಳೆ ಅಂತ ನಾನು ಮೊದಲು ಕೇಳುತ್ತೇನೆ. ವಾಟರ್ ಹಯಸಿಂತ್ ನೀರಿನ ಮೇಲೆ ತೇಲುತ್ತದೆ, ಎಳೆದರೆ ಬೇರುಸಮೇತ ಬರುತ್ತದೆ. ಹೈಡ್ರಿಲ್ಲಾ ನೀರಿನೊಳಗೇ ಬೆಳೆಯುತ್ತದೆ. ಅದನ್ನು ಕತ್ತರಿಸಿದರೆ ಒಂದೊಂದು ತುಂಡೂ ಹೊಸ ಗಿಡ. ಹಾಗಾಗಿ ಹೈಡ್ರಿಲ್ಲಾ ಇರುವ ಕಡೆ ಕತ್ತರಿಸುವ ಯಂತ್ರ ಇಳಿಸಲೇಬೇಡಿ. ನಮ್ಮ ಸ್ವಯಂಸೇವಕರ ತಂಡ ನಾಲ್ಕೂ ದಾರಿ ಹಿಡಿದು ನೋಡಿದ್ದು ಹಯಸಿಂತ್ ಮೇಲೆ. ಈ ಹೋಲಿಕೆಯೂ ಅದರದ್ದೇ.

ಯಂತ್ರದ ಕೆಲಸ ನೋಡಲು ಬಹಳ ಖುಷಿ. ಬೆಳಿಗ್ಗೆ ಹಸಿರು ಹಾಸಿದ್ದ ಜಾಗದಲ್ಲಿ ಸಂಜೆಗೆ ನೀರು ಕಾಣುತ್ತದೆ. ಕಳೆ ಕೆರೆ ಪೂರ್ತಿ ಮುಚ್ಚಿದ್ದರೆ ಮೊದಲ ಸುತ್ತಿಗೆ ಯಂತ್ರವೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೊಂಡಿನ ಸಂದಿ, ದಂಡೆಯ ಆಳವಿಲ್ಲದ ಜಾಗ, ಇಲ್ಲೆಲ್ಲ ಅದು ಹೋಗುವುದಿಲ್ಲ. ಅಲ್ಲಿ ಉಳಿದ ಗಿಡಗಳೇ ಸಾಕು. ಬಿಸಿಲು ಮತ್ತು ಕೊಳಚೆ ನೀರು ಎರಡೂ ಸಿಕ್ಕರೆ ಹಯಸಿಂತ್ ಎರಡೇ ವಾರದಲ್ಲಿ ದುಪ್ಪಟ್ಟಾಗಬಲ್ಲದು. ಯಂತ್ರ ವಾಪಸ್ ಹೋದ ಮೇಲೆ ಯಾರೂ ಕೆರೆ ಕಡೆ ಬರದಿದ್ದರೆ ಖರ್ಚು ಮಾಡಿದ್ದೆಲ್ಲ ನೀರುಪಾಲು.

ಕೈಯಿಂದ ತೆಗೆಯುವುದು ನಿಧಾನ, ಆದರೆ ನನಗೆ ಹೆಚ್ಚು ನಂಬಿಕೆ ಇರುವುದು ಇದರಲ್ಲೇ. ಒಂದು ಗಿಡ ಎಳೆದು ನೋಡಿ. ತಾಯಿಗಿಡದಿಂದ ಬೆರಳು ದಪ್ಪದ ಬಳ್ಳಿ ಹೊರಟು, ತುದಿಯಲ್ಲಿ ಮರಿಗಿಡ ಬಂದಿರುತ್ತದೆ. ಆ ಮರಿಯಿಂದ ಇನ್ನೊಂದು ಬಳ್ಳಿ, ಇನ್ನೊಂದು ಮರಿ. ಹೀಗೆ ಇಡೀ ಚಾಪೆಯೇ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಸುಮ್ನೆ ಎಳೆದರೆ ಕೈ ಸೋಲುತ್ತದೆ ಅಷ್ಟೇ. ಕುಡುಗೋಲಿನಿಂದ ಚಾಪೆಯನ್ನು ತುಂಡು ಮಾಡಿ, ಕೊಕ್ಕೆ ಕಟ್ಟಿದ ಉದ್ದ ಕೋಲಿನಿಂದ ದಡಕ್ಕೆ ತರಬೇಕು. ಕಪ್ಪು ಗರಿಯಂಥ ಬೇರುಗಳಲ್ಲಿ ಮೀನಿನ ಮರಿ, ಸಿಗಡಿ, ಬಸವನಹುಳು ಸಿಕ್ಕಿಕೊಂಡಿರುತ್ತವೆ. ಎತ್ತುವ ಮುಂಚೆ ಬೇರನ್ನು ನೀರಿನಲ್ಲೇ ನಾಲ್ಕು ಸಲ ಜಾಡಿಸಿ. ಗಿಡದ ತೂಕದಲ್ಲಿ ಶೇ 90ಕ್ಕಿಂತ ಜಾಸ್ತಿ ನೀರೇ ಇರುತ್ತದೆ. ತಕ್ಷಣ ಗಾಡಿಗೆ ತುಂಬಿದರೆ ಸಾಗಿಸುವುದು ಬರೀ ನೀರನ್ನು, ಅಲ್ವಾ? ದಂಡೆಯಿಂದ ದೂರ, ಮಳೆ ಬಂದರೂ ಕೆರೆಗೆ ಜಾರದ ಕಡೆ ಒಣಗಲು ಬಿಡಿ. ಆಮೇಲೆ ಗೊಬ್ಬರ ಮಾಡಬಹುದು. ಆದರೆ ಕಾರ್ಖಾನೆ ನೀರು ಸೇರುವ ಕೆರೆಯ ಕಳೆಯನ್ನು ದನಕ್ಕೂ ಹಾಕಬೇಡಿ, ಗೊಬ್ಬರಕ್ಕೂ ಬಳಸಬೇಡಿ. ಈ ಗಿಡ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನೂ ಹೀರಿಕೊಳ್ಳುತ್ತದೆ.

ತೆರವಾದ ಜಾಗಕ್ಕೆ ತೇಲುವ ಹಗ್ಗದ ಬೇಲಿ ಹಾಕಿದ ಮೇಲಂತೂ ನಮ್ಮ ಶ್ರಮ ಅರ್ಧಕ್ಕಿಳಿಯಿತು. ಗಾಳಿಗೆ ತೇಲಿಬರುವ ಗಿಡಗಳು ಅಲ್ಲೇ ನಿಲ್ಲುತ್ತವೆ, ವಾರಕ್ಕೊಮ್ಮೆ ಎತ್ತಿದರೆ ಆಯಿತು.

ಹುಳುವಿಗೆ ತಾಳ್ಮೆ ಬೇಕು. ನಿಯೋಚೆಟಿನಾ ಅನ್ನುವ ಎರಡು ಜಾತಿಯ ಮೂತಿಹುಳುಗಳು ಹಯಸಿಂತ್‌ನ ತವರಾದ ದಕ್ಷಿಣ ಅಮೆರಿಕದವೇ. ದೊಡ್ಡ ಹುಳು ಎಲೆ ಕೆರೆದು ತಿನ್ನುತ್ತದೆ, ಮರಿ ತೊಟ್ಟಿನೊಳಗೆ ಸುರಂಗ ಕೊರೆಯುತ್ತದೆ. ಎಲೆ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ ಕಂಡರೆ ಹುಳು ನೆಲೆಯೂರಿದೆ ಅಂತ ಅರ್ಥ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ 1990ರ ದಶಕದ ಮಧ್ಯದಲ್ಲಿ ಇವನ್ನು ಬಿಟ್ಟರು. ದಶಕದ ಕೊನೆಗೆ ಕಳೆ ಬಹಳ ಕುಗ್ಗಿತು. 1997–98ರ ಎಲ್ ನಿನೊ ಹವಾಮಾನವೂ ಅದಕ್ಕೆ ಕೈಜೋಡಿಸಿತ್ತು. ನಮ್ಮಲ್ಲಿ ಹುಳು ಇರುವ ಮೂಲೆಯ ಗಿಡಗಳು ಕುಳ್ಳಗಾದವು, ಹೂವು ಕಡಿಮೆಯಾಯಿತು. ಆದರೆ ಕೊಳಚೆ ಬೀಳುವ ಬಾಯಲ್ಲಿ ಗಿಡ ಬೆಳೆಯುವ ವೇಗಕ್ಕೆ ಹುಳು ಸಾಲಲಿಲ್ಲ. ಸಂಶೋಧನಾ ಸಂಸ್ಥೆಯ ಮೂಲಕ, ಅನುಮತಿ ಪಡೆದೇ ಹುಳು ತರಿಸಿ. ಆ ಮೂಲೆಯ ಕಳೆಯನ್ನು ಪೂರ್ತಿ ಕೀಳಬೇಡಿ, ಇಲ್ಲದಿದ್ದರೆ ಹುಳುವಿಗೆ ಊಟವೇ ಇರುವುದಿಲ್ಲ.

ಔಷಧಿಯನ್ನು ಒಂದು ಮುಚ್ಚಿದ ಹೊಂಡದಲ್ಲಿ ಮಾತ್ರ, ಅನುಮತಿ ಪಡೆದು ಹೊಡೆದೆವು. ಗ್ಲೈಫೋಸೇಟ್ ಅನ್ನುವ ಕಳೆನಾಶಕಕ್ಕೆ ಗಿಡ ಸತ್ತಿದ್ದು ನಿಜ. ಸತ್ತ ಗಿಡ ಅಲ್ಲೇ ಮುಳುಗಿ ಕೊಳೆತು ನೀರು ನಾರತೊಡಗಿತು. ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ, ಮೀನು ಉಸಿರುಕಟ್ಟಿ ಸಾಯುತ್ತವೆ. ಗಿಡ ಹೀರಿದ್ದ ಪೋಷಕಾಂಶವೂ ವಾಪಸ್ ನೀರಿಗೇ. ಜನ, ದನ ಬಳಸುವ ನೀರಿಗೆ ಇದು ಬೇಡವೇ ಬೇಡ.

ಸಣ್ಣ ಕೆರೆಗೆ ನಾನು ಹೇಳುವುದು ಕೈ ಮತ್ತು ಹಗ್ಗದ ಬೇಲಿ. ದೊಡ್ಡದಕ್ಕೆ ಮೊದಲು ಯಂತ್ರ, ಆಮೇಲೆ ಕೈ, ಮೂಲೆಯಲ್ಲಿ ಹುಳು. ನದಿಯಾದರೆ ಮೇಲ್ಭಾಗದಿಂದ ಶುರು ಮಾಡಬೇಕು, ಕೆಳಗೆ ಎಷ್ಟು ತೆಗೆದರೂ ಮೇಲಿನಿಂದ ಬರುತ್ತಲೇ ಇರುತ್ತದೆ. ಕೊಳಚೆ ನಿಲ್ಲಿಸಲು ಒತ್ತಾಯ ಮಾಡುವ ಕೆಲಸವೂ ಜೊತೆಗೇ ನಡೆಯಬೇಕು. ಹೂಳಿನಲ್ಲಿ ಬಿದ್ದ ಬೀಜ 20 ವರ್ಷದವರೆಗೂ ಜೀವ ಹಿಡಿದಿರಬಲ್ಲದು. ಬೇಸಿಗೆಯಲ್ಲಿ ನೀರು ಇಳಿದಾಗ ಅಂಚಿನ ಕೆಸರಲ್ಲಿ ಪುಟ್ಟ ಸಸಿಗಳು ಏಳುತ್ತವೆ. ಎರಡೆಲೆ ಇರುವಾಗಲೇ ಕಿತ್ತುಬಿಡಿ, ಆಗ ಅದಕ್ಕೆ ಎರಡು ಬೆರಳು ಸಾಕು.