ನಾಟಕಕ್ಕೆ ಹಳೇ ಕಾಲದ ಕೋವಿ ಬೇಕಿದ್ದರೆ ರಥಬೀದಿಯ ಈ ಅಂಗಡಿಗೆ ಹೋಗಿ

"ಯಾವ ಇಸವಿ ಮಾರಾಯ್ರೆ?"

ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ ಇದು. ನಾನು ಕೇಳಿದ್ದು ಇಷ್ಟೇ, ನಾಟಕಕ್ಕೆ ಎಂಟು ಕೋವಿ ಬೇಕು, ಎರಡು ದಿನಕ್ಕೆ ಬಾಡಿಗೆ ಎಷ್ಟು ಅಂತ. ಬೇರೆ ಕಡೆಯಾದರೆ ಸೀದಾ ರೇಟು ಹೇಳುತ್ತಾರೆ. ಇವರು ಇಸವಿ ಕೇಳಿದರು. ನನಗೆ ಅಲ್ಲಿಗೇ ಅರ್ಧ ಸಮಾಧಾನ ಆಯಿತು.

ಯಾಕೆ ಅಂತ ಹೇಳಬೇಕಾದರೆ ಹೋದ ವರ್ಷದ ಕಥೆ ಹೇಳಬೇಕು. ನಮ್ಮ ಯುವಕ ಮಂಡಲದವರು 1837ರ ಅಮರ ಸುಳ್ಯ ದಂಗೆಯ ಮೇಲೆ ಒಂದು ನಾಟಕ ಮಾಡುತ್ತೇವೆ. ನಮ್ಮ ಹಿರಿಯರು ಕಲ್ಯಾಣಪ್ಪನ ಕಾಟಕಾಯಿ ಅನ್ನುತ್ತಿದ್ದರಲ್ಲ, ಅದೇ. ಸುಳ್ಯದ ಕಡೆಯ ರೈತರು, ಕಂದಾಯವನ್ನು ದುಡ್ಡಿನಲ್ಲೇ ಕಟ್ಟಬೇಕು ಅಂತ ಕಂಪನಿ ಸರ್ಕಾರ ಹಠ ಹಿಡಿದದ್ದಕ್ಕೆ ಸಿಟ್ಟಾಗಿ ಎದ್ದು, ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್ 5ಕ್ಕೆ ಮಂಗಳೂರಿಗೇ ಬಂದು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ ಕಥೆ. ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲೇ ಉಂಟು, ನೋಡಿರುತ್ತೀರಿ. ಹೋದ ವರ್ಷ ಬೇರೊಂದು ಕಡೆಯಿಂದ (ಹೆಸರು ಬೇಡ) ಕೋವಿ ತಂದಿದ್ದೆವು. ನೋಡಲಿಕ್ಕೆ ಹೊಳೆಯುತ್ತಿದ್ದವು, ಹುಡುಗರಿಗೂ ಖುಷಿ. ನಾಟಕ ಮುಗಿದ ಮೇಲೆ ಸೈನ್ಯದಿಂದ ರಿಟೈರ್ ಆದ ನಮ್ಮೂರಿನ ಒಬ್ಬರು ಹಿರಿಯರು ಚೌಕಿಗೆ (ವೇಷ ಕಟ್ಟುವ ಕೋಣೆಗೆ) ಬಂದು, ಒಂದು ಕೋವಿ ಕೈಯಲ್ಲಿ ತಿರುಗಿಸಿ ನೋಡಿ, "ಇದು ತ್ರೀ ನಾಟ್ ತ್ರೀ ಅಲ್ವಾ ಮಾರಾಯ?" ಅಂದರು. ಟ್ರಿಗರ್ ಎದುರು ಹತ್ತು ತೋಟೆ ಹಿಡಿಯುವ ಪೆಟ್ಟಿಗೆ, ಬದಿಯಲ್ಲಿ ಬೋಲ್ಟ್. ನಮ್ಮ ಪೊಲೀಸರು ಹಿಡಿದುಕೊಳ್ಳುತ್ತಿದ್ದ, ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಅದೇ ಲೀ-ಎನ್‌ಫೀಲ್ಡ್ ರೈಫಲ್ಲಿನ ನಕಲು. ಆ ಮಾದರಿ ಬ್ರಿಟಿಷ್ ಸೈನ್ಯಕ್ಕೆ ಬಂದದ್ದೇ 1907ರಲ್ಲಿ. ಕಂಪನಿಯ ಸಿಪಾಯಿಗಳ ಕೈಗೆ ಎಪ್ಪತ್ತು ವರ್ಷ ಆಮೇಲಿನ ಕೋವಿ ಕೊಟ್ಟು ಸ್ಟೇಜ್ ಮೇಲೆ ನಿಲ್ಲಿಸಿದ್ದೆ ನಾನು. ಪ್ರಾಣ ಕೊಟ್ಟವರ ಕಥೆ ಹೇಳುವಾಗ ಇಷ್ಟು ಸಹ ನೋಡಲಿಲ್ಲವಲ್ಲ ಅಂತ ತುಂಬಾ ಬೇಜಾರಾಯಿತು.

ಈ ಸಲ ಹುಡುಕಿ ಹುಡುಕಿ ಹೋದದ್ದು ಈ ಅಂಗಡಿಗೆ. ರಥಬೀದಿಯಿಂದ ಒಳಗೆ ಹೋಗುವ ಗಲ್ಲಿಯಲ್ಲಿ, ಹಳೇ ಹಂಚಿನ ಮನೆಯ ಮುಂದಿನ ಕೋಣೆ. ಬೋರ್ಡ್ ಇಲ್ಲ. ಬಾಗಿಲಲ್ಲಿ ಹುಲಿವೇಷದ ಎರಡು ತಲೆ ನೇತಾಡುತ್ತವೆ, ಅದೇ ಗುರುತು. ಹೆಚ್ಚಿನ ವ್ಯಾಪಾರ ಸ್ಕೂಲ್ ಡೇ ಡ್ರೆಸ್ಸಿನದ್ದು. ಆದರೆ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿ ಇಟ್ಟಿರುವ ಮರದ ಕೋವಿಗಳು ಇವರೇ ಕೂತು ಮಾಡಿದವು. ಹತ್ತಿರ ಹತ್ತಿರ ಮೂವತ್ತು ಇರಬಹುದು.

1837 ಅಂದ ಕೂಡಲೇ ಅವರು ಒಳಗಿನಿಂದ ತಂದದ್ದು ಚಕಮಕಿ ಕಲ್ಲಿನ ಮಸ್ಕೆಟ್. ಬ್ರೌನ್ ಬೆಸ್ ಅಂತ ಹೆಸರು ಕೇಳಿರುತ್ತೀರಿ, ಅದರಲ್ಲಿ ಇಂಡಿಯಾ ಪ್ಯಾಟರ್ನ್ ಅನ್ನುವ ಮಾದರಿ. ಮೊದಲು ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆ ಮಾಡಿಸಿಕೊಂಡದ್ದು. 1790ರ ದಶಕದಲ್ಲಿ ಫ್ರಾನ್ಸಿನ ಮೇಲೆ ಯುದ್ಧ ಶುರುವಾಗಿ ಕೋವಿ ಸಾಲದೆ ಬಂದಾಗ ಇಂಗ್ಲೆಂಡಿನ ಸರ್ಕಾರವೂ ಇದನ್ನೇ ತೆಗೆದುಕೊಂಡಿತು. ಹಿಂದಿನ ಮಾದರಿಗಿಂತ ನಳಿಗೆ ಗಿಡ್ಡ, 39 ಇಂಚು. ಮಾಡಲಿಕ್ಕೂ ಸುಲಭ. ಇಡೀ ಕೋವಿ ನಾಲ್ಕೂವರೆ ಅಡಿಗಿಂತ ಸ್ವಲ್ಪ ಉದ್ದ, ಅಸಲಿಯದ್ದಾದರೆ ತೂಕ ನಾಲ್ಕು ಕಿಲೋಗಿಂತ ಜಾಸ್ತಿ. ಇವರದ್ದು ಉದ್ದದಲ್ಲಿ ಸರಿಯಾಗಿ ಉಂಟು, ನಾನು ಟೇಪ್ ಹಿಡಿದು ನೋಡಿದೆ. ತೂಕ ಸುಮಾರು ಅರ್ಧ. ನನಗೆ ಅದು ಸಾಲದು ಅನಿಸಿತು, ಯಾಕೆಂದರೆ ಹಗುರ ಕೋವಿ ಹಿಡಿದವನು ಹಗುರವಾಗಿಯೇ ನಡೆಯುತ್ತಾನೆ, ಭುಜ ಇಳಿಯುವುದಿಲ್ಲ. ಹಿಂಭಾಗದ ಮರಕ್ಕೆ ಸ್ವಲ್ಪ ಸೀಸ ಸೇರಿಸಿದರೆ ಹೇಗೆ ಅಂತ ಕೇಳಿದೆ. ಶಾಲೆಯ ಮಕ್ಕಳೂ ತಗೊಂಡು ಹೋಗುತ್ತಾರೆ, ಕಾಲಿನ ಮೇಲೆ ಬಿದ್ದರೆ ಎಂತ ಮಾಡುವುದು ಅಂದರು. ಅದೂ ನ್ಯಾಯವೇ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಕೋವಿಯ ಬಲಗಡೆ, ಬೆಂಕಿ ಹುಟ್ಟುವ ಜಾಗ. ಅಸಲಿ ಕೋವಿಯಲ್ಲಿ ಅಲ್ಲಿ ಕೊಕ್ಕರೆಯ ಕತ್ತಿನ ಹಾಗೆ ಬಾಗಿದ ಒಂದು ಕಬ್ಬಿಣದ ತುಂಡು ಇರುತ್ತದೆ, ಅದಕ್ಕೆ ಕುದುರೆ ಅನ್ನುತ್ತಾರೆ. ಕುದುರೆಯ ಬಾಯಿಯಲ್ಲಿ ಚಕಮಕಿ ಕಲ್ಲು. ಅದರ ಎದುರು ಉಕ್ಕಿನ ಮುಚ್ಚಳ, ಮುಚ್ಚಳದ ಕೆಳಗೆ ಒಂದು ಚಿಟಿಕೆ ಮದ್ದು ಹಿಡಿಯುವ ಪುಟ್ಟ ಬಟ್ಟಲು. ಟ್ರಿಗರ್ ಎಳೆದರೆ ಕುದುರೆ ಬಿದ್ದು, ಕಲ್ಲು ಉಕ್ಕನ್ನು ಗೀರಿ, ಕಿಡಿ ಹಾರುವ ಹೊತ್ತಿಗೇ ಮುಚ್ಚಳವೂ ತೆರೆದು, ಕಿಡಿ ಬಟ್ಟಲಿಗೆ ಬಿದ್ದು, ಅಲ್ಲಿಂದ ಒಂದು ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯ ಒಳಗೆ ಹೋಗುತ್ತದೆ. ಕಲ್ಲು ಸವೆದಿದ್ದರೆ ಇಲ್ಲ, ಮದ್ದು ಒದ್ದೆಯಾಗಿದ್ದರೆ ಇಲ್ಲ. ನಮ್ಮ ಕರಾವಳಿಯ ಜೂನ್-ಜುಲೈ ಮಳೆಯಲ್ಲಿ ಇಂಥ ಕೋವಿ ನಂಬಿಕೊಂಡು ನಿಂತವನ ಪಾಡು ಯೋಚಿಸಿ.

ಇವರ ಮರದ ಕೋವಿಯಲ್ಲಿ ಈ ಕುದುರೆ ನಿಜವಾಗಿ ಎಳೆಯಲಿಕ್ಕೆ ಬರುತ್ತದೆ. ಒಳಗೆ ಸ್ಪ್ರಿಂಗ್ ಉಂಟು. ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆದರೆ ಎರಡು ಸಲ ಟಕ್ ಟಕ್ ಅನ್ನುತ್ತದೆ. ಮೊದಲನೆಯದು ಅರ್ಧಕ್ಕೆ ನಿಲ್ಲುವುದು, ಎರಡನೆಯದು ಪೂರ್ತಿ. ಅರ್ಧಕ್ಕೆ ನಿಲ್ಲಿಸಿಯೇ ಮದ್ದು ತುಂಬಬೇಕು, ಹಾಗೆಯೇ ಮಾಡಿಸಿ ಅಂತ ಅವರೇ ತೋರಿಸಿದರು. ಟ್ರಿಗರ್ ಎಳೆದರೆ ಕುದುರೆ ಬಿದ್ದು ಮುಚ್ಚಳ ಹಾರುತ್ತದೆ. ಬಟ್ಟಲಿಗೆ ಒಂದು ಚಿಟಿಕೆ ಮುಖದ ಪೌಡರ್ ಹಾಕಿಟ್ಟರೆ ಪುಸ್ ಅಂತ ಬಿಳಿ ಹೊಗೆ ಏಳುತ್ತದೆ. ಬೆಂಕಿ, ಪಟಾಕಿ ಯಾವುದನ್ನೂ ಹತ್ತಿರ ತರಬಾರದು ಅಂತ ಖಡಕ್ಕಾಗಿ ಹೇಳಿ ಚೀಟಿಯಲ್ಲೂ ಬರೆದು ಕೊಡುತ್ತಾರೆ. ಕುದುರೆಯ ಪಕ್ಕದ ತಗಡಿನ ಮೇಲೆ ಕಿರೀಟ ಹಿಡಿದು ನಿಂತ ಸಿಂಹವನ್ನು ಮೊಳೆಯಲ್ಲಿ ಗೀರಿದ್ದಾರೆ. ಅದು ಕಂಪನಿಯ ಗುರುತು, 1808ರ ಸುಮಾರಿನಿಂದ ಕಂಪನಿಯ ಕೋವಿಗಳ ಮೇಲೆ ಇರುತ್ತಿತ್ತು. ಮೂರನೇ ಸಾಲಿನಲ್ಲಿ ಕೂತವರಿಗೂ ಅದು ಕಾಣುವುದಿಲ್ಲ. ಆದರೂ ಮಾಡಿದ್ದಾರೆ. ನನಗೆ ಕಣ್ಣು ತುಂಬಿ ಬಂತು.

ರಿಹರ್ಸಲ್ಲಿನಲ್ಲಿ ಏನಾಯಿತು ಕೇಳಿ. ಹೋದ ವರ್ಷ ಸಿಪಾಯಿಗಳಾದ ಹುಡುಗರು ಢಂ ಢಂ ಅಂತ ಒಂದೇ ಸಮ ಹೊಡೆಯುತ್ತಿದ್ದರು, ದಂಗೆಯವರು ಬೀಳುತ್ತಿದ್ದರು, ಅಷ್ಟೇ. ಈ ಸಲ ಈ ಕೋವಿಯ ಲೆಕ್ಕದಲ್ಲೇ ಮಾಡಿಸಿದೆ. ಒಂದು ಈಡು ಹೊಡೆದ ಮೇಲೆ ಕಾಗದದ ಪೊಟ್ಟಣ ಹಲ್ಲಿನಲ್ಲಿ ಹರಿಯಬೇಕು, ಬಟ್ಟಲಿಗೆ ಚೂರು ಮದ್ದು, ಮುಚ್ಚಳ ಹಾಕಿ ಕೋವಿ ನೆಟ್ಟಗೆ ನಿಲ್ಲಿಸಿ ಉಳಿದ ಮದ್ದು, ಗುಂಡು, ಕಾಗದ ಎಲ್ಲ ನಳಿಗೆಯ ಬಾಯಿಗೆ, ಆಮೇಲೆ ಗಜದಲ್ಲಿ (ನಳಿಗೆಯ ಕೆಳಗೆ ಸಿಕ್ಕಿಸಿಡುವ ಉದ್ದ ಕೋಲು) ಜಡಿಯಬೇಕು. ಒಳ್ಳೆ ತರಬೇತಿ ಆದವನು ನಿಮಿಷಕ್ಕೆ ಮೂರು ಈಡು. ಅಂದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ಸೆಕೆಂಡ್. ಆ ಇಪ್ಪತ್ತು ಸೆಕೆಂಡ್ ನಾನು ಬಾಯಲ್ಲಿ ಎಣಿಸಿದೆ. ಸಿಪಾಯಿಗಳು ತಲೆ ತಗ್ಗಿಸಿ ತುಂಬುತ್ತಿದ್ದಾರೆ, ಕೈ ನಡುಗುತ್ತಿದೆ, ದಂಗೆಯವರು ಸ್ಟೇಜಿನ ಆ ತುದಿಯಿಂದ ಕತ್ತಿ ಹಿಡಿದು ಓಡಿ ಬರುತ್ತಿದ್ದಾರೆ. ಹಾಲ್ ಪೂರ್ತಿ ಸ್ತಬ್ಧ. ಒಂದು ಮಾತೂ ಬರೆಯದೆ ನಾಟಕದ ಅತ್ಯಂತ ಗಟ್ಟಿ ದೃಶ್ಯ ಅಲ್ಲಿ ಸಿಕ್ಕಿತು. ಸಿಪಾಯಿಗಳು ಯಾಕೆ ಸಾಲುಗಟ್ಟಿ ನಿಂತು ಒಟ್ಟಿಗೆ ಹೊಡೆಯುತ್ತಿದ್ದರು ಅಂತಲೂ ಹುಡುಗರಿಗೆ ಆಗ ಅರ್ಥವಾಯಿತು. ಗುಂಡನ್ನು ತಿರುಗಿಸಿ ನೇರ ಕಳಿಸುವ ಗೆರೆ ನಳಿಗೆಯ ಒಳಗೆ ಇಲ್ಲ, ಬೇಗ ತುಂಬಲಿಕ್ಕೆ ಅಂತ ಗುಂಡನ್ನೂ ಸಡಿಲವಾಗಿಯೇ ಮಾಡುತ್ತಿದ್ದರು, ನೂರು ಗಜ ದಾಟಿದರೆ ಒಬ್ಬನನ್ನು ಗುರಿ ಇಟ್ಟು ಹೊಡೆಯುವುದು ಅದೃಷ್ಟದ ಮಾತು.

ಇನ್ನು ಕೊರತೆಗಳು. ನಾವು ತಂದ ಎಂಟರಲ್ಲಿ ಎರಡಕ್ಕೆ ಗಜ ಹೊರಗೆ ಬರುವುದೇ ಇಲ್ಲ, ಮರಕ್ಕೆ ಅಂಟಿಸಿಬಿಟ್ಟಿದ್ದಾರೆ. ಆ ಇಬ್ಬರನ್ನು ಹಿಂದೆ ನಿಲ್ಲಿಸಬೇಕಾಯಿತು. ಬಯೊನೆಟ್ ತಗಡಿನದ್ದು, ಅಂಚು ಉಜ್ಜಿಲ್ಲ. ಒಬ್ಬ ಹುಡುಗನ ಬೆರಳು ಕೊಯ್ದು ರಕ್ತ ಬಂತು. ಇದನ್ನು ಮಾತ್ರ ಅವರು ಕೂಡಲೇ ಸರಿಮಾಡಬೇಕು, ಮಾಡುತ್ತೇನೆ ಅಂದಿದ್ದಾರೆ. ಒಂದು ಕೋವಿ ಬೇರೆಯೇ ಮಾದರಿಯದ್ದು ಬಂದಿತ್ತು. ನಳಿಗೆಯನ್ನು ಮರಕ್ಕೆ ಹಿಡಿಸಲು ಮೂರು ಪಟ್ಟಿ ಇದ್ದವು. ಬ್ರೌನ್ ಬೆಸ್ಸಿನಲ್ಲಿ ಪಟ್ಟಿ ಇರುವುದಿಲ್ಲ, ಒಳಗೆ ಪಿನ್ ಹಾಕಿರುತ್ತಾರೆ. ಮೂರು ಪಟ್ಟಿ ಅಂದರೆ 1853ರ ಎನ್‌ಫೀಲ್ಡ್, 1857ರ ಗಲಾಟೆಯಲ್ಲಿ ಕೊಬ್ಬು ಸವರಿದ ಪೊಟ್ಟಣದ ಮಾತು ಬಂತಲ್ಲ, ಆ ಕೋವಿ. ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಹುಡುಗನ ಕೈಯಲ್ಲಿ ಬದಲಿ ಕಳಿಸಿದರು.

ದಂಗೆಯ ರೈತರಿಗೆ ಅಂತ ನಾಲ್ಕು ಬತ್ತಿ ಕೋವಿಯೂ ತಂದೆವು. ಹೊಗೆಯಾಡುವ ಬತ್ತಿಯನ್ನೇ ಮದ್ದಿಗೆ ಮುಟ್ಟಿಸುವ ಹಳೇ ಪದ್ಧತಿ, ಕಲ್ಲು ಸ್ಪ್ರಿಂಗ್ ಯಾವ ರಗಳೆಯೂ ಇಲ್ಲ, ಹಾಗಾಗಿ ನಮ್ಮ ದೇಶದಲ್ಲಿ ತುಂಬಾ ಕಾಲ ಉಳಿಯಿತು. ಇವು ಅಷ್ಟು ಚೆನ್ನಾಗಿಲ್ಲ. ಬತ್ತಿಯ ಬದಲು ದಪ್ಪ ತೆಂಗಿನ ಹುರಿ ಸುತ್ತಿದ್ದಾರೆ, ಬಾವಿಯ ಹಗ್ಗದ ಹಾಗೆ ಕಾಣುತ್ತದೆ. ನಾವೇ ಹತ್ತಿಯ ದಾರ ಹೊಸೆದು ಕಟ್ಟಿಕೊಂಡೆವು.

ಕೇಪಿನ ಕೋವಿ (ಚಕಮಕಿ ಕಲ್ಲಿನ ಬದಲು, ಕುದುರೆ ಬಡಿದರೆ ಸಿಡಿಯುವ ಪುಟ್ಟ ಲೋಹದ ಟೋಪಿ ಇರುವಂಥದ್ದು) ಕೊಟ್ಟರೆ ನಡೆಯುವುದಿಲ್ಲವಾ, ನೋಡುವವರಿಗೆ ಗೊತ್ತಾಗುತ್ತದಾ ಅಂತ ನಮ್ಮ ಜೊತೆ ಬಂದವನು ಕೇಳಿದ. "ನಡೆಯುತ್ತದೆ, ಆದರೆ ನಾನು ಕೊಡುವುದಿಲ್ಲ" ಅಂದರು ಅವರು. ಕೇಪಿನ ವಿದ್ಯೆಗೆ ದಾರಿ ಮಾಡಿದವನು ಸ್ಕಾಟ್‌ಲೆಂಡಿನ ಫೋರ್ಸಿತ್ ಅನ್ನುವ ಪಾದ್ರಿ. ಬಟ್ಟಲಿನ ಬೆಂಕಿ ಕಂಡು ಬೇಟೆಯ ಹಕ್ಕಿಗಳು ಹಾರಿಹೋಗುತ್ತಿದ್ದವು ಅಂತ ತಲೆ ಕೆಡಿಸಿಕೊಂಡು 1807ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದ. ಆದರೆ ಸಾಮಾನ್ಯ ಸಿಪಾಯಿಯ ಕೈಗೆ ಕೇಪಿನ ಮಸ್ಕೆಟ್ ಬರಲು ಶುರುವಾದದ್ದು 1838-39ರ ಮೇಲೆ. ಒಂದೆರಡು ವರ್ಷದ ವ್ಯತ್ಯಾಸ. ಅಷ್ಟಕ್ಕೂ ಬಿಡುವುದಿಲ್ಲ ಈ ಮನುಷ್ಯ.

ಬಾಡಿಗೆ ಕೋವಿಯೊಂದಕ್ಕೆ ದಿನಕ್ಕೆ 150 ರೂಪಾಯಿ, ಬತ್ತಿ ಕೋವಿಗೆ 100. ಡೆಪಾಸಿಟ್ 2000, ವಾಪಸ್ ಕೊಡುವಾಗ ಒಂದೊಂದನ್ನೂ ಕುದುರೆ ಎಳೆದು ನೋಡಿಯೇ ತೆಗೆದುಕೊಳ್ಳುತ್ತಾರೆ. ಕಾರ್ಡ್ ಇಲ್ಲ, ಫೋನಿನಲ್ಲಿ ಪೇ ಮಾಡಬಹುದು. ಕೋವಿಗಳನ್ನು ಗೋಣಿಯಲ್ಲಿ ಕಟ್ಟಿ, ಮರದ ನಾಟಕದ ಸಾಮಾನು ಅಂತ ಬಿಲ್ಲಿನಲ್ಲಿ ಬರೆದು ಕೊಡುತ್ತಾರೆ. ದಯವಿಟ್ಟು ಬೈಕಿನಲ್ಲಿ ಹೆಗಲಿಗೆ ಹಾಕಿಕೊಂಡು ಹೋಗಬೇಡಿ, ದೂರದಿಂದ ನೋಡಿದವರಿಗೆ ಗಾಬರಿಯಾಗುತ್ತದೆ. ನಾವು ಬಿಲ್ ತೋರಿಸಿ ಠಾಣೆಗೂ ಒಂದು ಮಾತು ಹೇಳಿಯೇ ಇಟ್ಟಿದ್ದೆವು.

ಡಿಸೆಂಬರ್, ಜನವರಿಯಲ್ಲಿ ಹೋಗುವುದಾದರೆ ಹದಿನೈದು ದಿನ ಮೊದಲೇ ಹೇಳಿ, ಸ್ಕೂಲ್ ಡೇ ಗಡಿಬಿಡಿಯಲ್ಲಿ ಅವರಿಗೆ ಪುರುಸೊತ್ತು ಇರುವುದಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ. ಹೋಗುವ ಮೊದಲು ನಿಮ್ಮ ನಾಟಕದ ಇಸವಿ ಸರಿಯಾಗಿ ನೋಡಿಕೊಂಡು ಹೋಗಿ, ಅದನ್ನೇ ಮೊದಲು ಕೇಳುತ್ತಾರೆ.